ಕೆಂಪು ಬಿದ್ದವನೂ ಗೆಲ್ಲಬಹುದು

ಚಿಕ್ಕಮಗಳೂರಿನ ಹುಡುಗರಿಗೆ ರ‍್ಯಾಲಿ ಚೆನ್ನಾಗಿ ಗೊತ್ತು. ತೋಟದ ಮಣ್ಣುರಸ್ತೆಯಲ್ಲಿ ರ‍್ಯಾಲಿ ಕಾರು ನೋಡುತ್ತಲೇ ಬೆಳೆದವರು. ಅಲ್ಲಿ ಸ್ಟಾರ್ಟ್‌ನಲ್ಲಿ ಆತುರಪಟ್ಟು ಹೊರಟರೆ ಮೊದಲ ಸಲ 10 ಸೆಕೆಂಡ್ ದಂಡ, ಎರಡನೇ ಸಲ 1 ನಿಮಿಷ. ಮುಂದಿನ ಸ್ಟೇಜ್‌ನಲ್ಲಿ ಜೋರಾಗಿ ಓಡಿಸಿ ಅದನ್ನು ತೀರಿಸಿಕೊಳ್ಳಬಹುದು. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಡ್ರ್ಯಾಗ್ ರೇಸ್‌ಗೆ ಬಂದವರು ನಮ್ಮ ಟೈಮಿಂಗ್ ಟೇಬಲ್ ಹತ್ತಿರ ನಿಂತು, "ಸರ್, ಒಂಚೂರು ಬೇಗ ಬಿಟ್ಟೆ ಅಷ್ಟೇ, ಸೆಕೆಂಡ್ ಸೇರಿಸ್ಕೊಳ್ಳಿ" ಅನ್ನುತ್ತಾರೆ. ಏನು ಸೇರಿಸುವುದು? ಇಬ್ಬರೇ ಓಡುವ 402 ಮೀಟರ್ ನಾಕೌಟ್‌ನಲ್ಲಿ ತಪ್ಪಿಗೆ ದಂಡ ಅಂದರೆ ಸೋಲು.

ಸ್ಟಾರ್ಟ್ ವಿಷಯದಲ್ಲಿ ನಮ್ಮ ಕಣ್ಣಿಗೆ ಕೆಲಸವೇ ಇಲ್ಲ. ಮುಂದಿನ ಚಕ್ರ ಬೆಳಕಿನ ಕಿರಣದಿಂದ ಆಚೆ ಸರಿದ ಕ್ಷಣವನ್ನು ಯಂತ್ರ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದವರೆಗೆ ಅಳೆಯುತ್ತದೆ. ರಿಯಾಕ್ಷನ್, ಅಂದರೆ ಹಸಿರು ದೀಪಕ್ಕೂ ನೀವು ಹೊರಟಿದ್ದಕ್ಕೂ ಇರುವ ಅಂತರ, 0.000 ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ, -0.001 ಬಂದರೆ ಹಸಿರಿಗಿಂತ ಮೊದಲೇ ಹೊರಟಿರಿ ಅಂತ ಕೆಂಪು ದೀಪ. ಅಷ್ಟೇ ವ್ಯತ್ಯಾಸ! ಇದರ ಬಗ್ಗೆ ಜಗಳ ಆಡುವುದು ಸುಮ್ನೆ ದಂಡ.

ಆದರೆ ಕೆಂಪು ಬಿತ್ತು ಅಂತ ಗಾಡಿ ನಿಲ್ಲಿಸಬೇಡಿ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ತಪ್ಪುಗಳಿಗೂ ದೊಡ್ಡದು ಚಿಕ್ಕದು ಅಂತ ಇದೆ. ನಿಮಗೆ ಕೆಂಪು ಬಿದ್ದು, ಪಕ್ಕದವನು ಗೆಲುವು ಕೈಗೆ ಬಂತು ಅಂತ ಮೈಮರೆತು ಎರಡು ಲೇನ್ ನಡುವಿನ ಗೆರೆ ದಾಟಿಬಿಟ್ಟರೆ ಗೆಲುವು ನಿಮ್ಮದು. ಗೆರೆ ದಾಟುವುದು ಇನ್ನೊಬ್ಬನ ಪ್ರಾಣಕ್ಕೆ ಕುತ್ತು, ಬೇಗ ಹೊರಡುವುದು ಬರೀ ಆತುರ. ನನ್ನ ಪ್ರಕಾರ ಡ್ರ್ಯಾಗ್ ರೇಸಿನ ಅತಿ ನ್ಯಾಯವಾದ ನಿಯಮ ಇದೇ.

ಜಾಸ್ತಿ ತಲೆ ಕೆಡಿಸುವುದು ಬ್ರೇಕ್‌ಔಟ್. ಬ್ರ್ಯಾಕೆಟ್ ರೇಸ್‌ನಲ್ಲಿ ನಿಮ್ಮ ಗಾಡಿ ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ ಅಂತ ನೀವೇ ಮೊದಲು ಹೇಳಬೇಕು, ನಿಧಾನದ ಗಾಡಿ ಆ ಲೆಕ್ಕದಲ್ಲಿ ಮೊದಲು ಹೊರಡುತ್ತದೆ, ಹಾಗಾಗಿ ಹೇಳಿದ್ದಕ್ಕಿಂತ ಬೇಗ ಓಡಿದರೆ ಸುಳ್ಳು ಹೇಳಿದಂತೆಯೇ ಅಲ್ವಾ, ಅದೇ ಬ್ರೇಕ್‌ಔಟ್, ಅದಕ್ಕೇ ಸೋಲು. ಇಬ್ಬರೂ ಬ್ರೇಕ್‌ಔಟ್ ಆದರೆ? 10.50 ಹೇಳಿದವನು 10.48 ಓಡಿದ, 11.20 ಹೇಳಿದವನು 11.17 ಓಡಿದ ಅಂದುಕೊಳ್ಳಿ. 0.02 ತಪ್ಪಿದವನು ಗೆದ್ದ, 0.03 ತಪ್ಪಿದವನು ಸೋತ. ಇಬ್ಬರಲ್ಲಿ ಒಬ್ಬನಿಗೆ ಕೆಂಪು ಬಿದ್ದಿದ್ದರೆ ಈ ಲೆಕ್ಕವೇ ಬೇಡ, ಪಕ್ಕದವನು ಗೆರೆ ದಾಟದಿದ್ದರೆ ಕೆಂಪು ಬಿದ್ದವನು ಹೊರಟಾಗಲೇ ಸೋತಾಗಿದೆ.

ವಾದಕ್ಕೆ ಜಾಗ ಇರುವುದು ಗೆರೆ ದಾಟಿದ ವಿಷಯದಲ್ಲಿ, ಯಾಕೆಂದರೆ ಅದನ್ನು ನೋಡಿ ಹೇಳುವವರು ಮನುಷ್ಯರು. ಟೈರ್ ಗೆರೆಯ ಮೇಲೆ ಹತ್ತಿತ್ತೋ, ಪೂರ್ತಿ ದಾಟಿತ್ತೋ ಅನ್ನುವುದೇ ಪ್ರಶ್ನೆ. ವಿಡಿಯೋ ಇದ್ದರೆ ಆಗಲೇ ತಂದು ತೋರಿಸಿ, ಸಂಜೆ ವಾಟ್ಸಾಪ್ ಗುಂಪಿಗೆ ಹಾಕಿದರೆ ಫಲಿತಾಂಶ ಬದಲಾಗುವುದಿಲ್ಲ.