ಲೈನ್ಡ್ ಸ್ಕ್ರಿಪ್ಟ್ ಎಂದರೇನು?

ಚಿತ್ರೀಕರಣ ನಡೆಯುವಾಗಲೇ ಸ್ಕ್ರಿಪ್ಟ್ ಸೂಪರ್‌ವೈಸರ್ ತಮ್ಮ ಕೈಯಾರೆ ಗೆರೆ ಎಳೆದು, ಟಿಪ್ಪಣಿ ಬರೆದಿಟ್ಟ ಚಿತ್ರಕಥೆಯ ಪ್ರತಿಗೆ ಹಾಲಿವುಡ್‌ನಲ್ಲಿ ‘ಲೈನ್ಡ್ ಸ್ಕ್ರಿಪ್ಟ್’ ಎನ್ನುತ್ತಾರೆ. ನಮ್ಮಲ್ಲಿ ಕಂಟಿನ್ಯುಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ವೇಷ, ವಸ್ತು, ಚಲನೆಗಳ ಹೊಂದಾಣಿಕೆ ನೋಡಿಕೊಳ್ಳುವ ಸಹಾಯಕ ನಿರ್ದೇಶಕರ ಕೆಲಸ ಇದಕ್ಕೆ ಹತ್ತಿರವಾದುದು. ಪುಟದ ಮೇಲಿನಿಂದ ಕೆಳಗಿಳಿಯುವ ಒಂದೊಂದು ಗೆರೆಯೂ ಚಿತ್ರೀಕರಿಸಿದ ಒಂದೊಂದು ಶಾಟನ್ನು ಸೂಚಿಸುತ್ತದೆ; ಶಾಟ್ ಯಾವ ಸಾಲಿನಿಂದ ಶುರುವಾಯಿತೋ ಅಲ್ಲಿ ಗೆರೆ ಹುಟ್ಟಿ, ಕಟ್ ಹೇಳಿದ ಸಾಲಿನಲ್ಲಿ ನಿಲ್ಲುತ್ತದೆ. ಮಾತನಾಡುವ ಪಾತ್ರ ಚೌಕಟ್ಟಿನೊಳಗೆ ಕಾಣುತ್ತಿದ್ದರೆ ನೇರ ಗೆರೆ, ದನಿ ಮಾತ್ರ ಕೇಳುತ್ತಿದ್ದರೆ ಅಂಕುಡೊಂಕು ಗೆರೆ. ಎದುರಿನ ಪುಟದಲ್ಲಿ ಟೇಕುಗಳ ಸಂಖ್ಯೆ, ಅವಧಿ, ಲೆನ್ಸು, ನಿರ್ದೇಶಕರು ಮೆಚ್ಚಿದ ಟೇಕು ಯಾವುದೆಂಬ ವಿವರ ಇರುತ್ತದೆ. ಯಾವ ಮಾತು ಎಷ್ಟು ಕೋನಗಳಿಂದ ಸೆರೆಯಾಗಿದೆ ಎಂಬುದನ್ನು ಸಂಕಲನಕಾರರು ಈ ಪುಟಗಳಿಂದಲೇ ತಿಳಿದುಕೊಳ್ಳುತ್ತಾರೆ.

ಇಂಥ ಪ್ರತಿಗಳನ್ನು ಕೊಂಡು ಕೂಡಿಡುವ ಸಂಗ್ರಾಹಕರು ಮೊದಲು ನೋಡಬೇಕಾದದ್ದು ಕಾಗದವನ್ನು. ಚಿತ್ರೀಕರಣದ ನಡುವೆ ತಿದ್ದಿದ ಪುಟಗಳನ್ನು ನೀಲಿ, ಗುಲಾಬಿ, ಹಳದಿ, ಹಸಿರು ಹೀಗೆ ಬೇರೆ ಬೇರೆ ಬಣ್ಣದ ಹಾಳೆಗಳಲ್ಲಿ ಹಂಚಿ, ಬದಲಾದ ಸಾಲಿನ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕುವುದು ಅಲ್ಲಿಯ ರೂಢಿಯಾದ್ದರಿಂದ, ಹಲವು ಬಣ್ಣಗಳು ಬೆರೆತ ಪ್ರತಿ ಸೆಟ್ಟಿನಲ್ಲಿ ಬಳಕೆಯಾಗಿರುವ ಸಾಧ್ಯತೆ ಹೆಚ್ಚು. ಹಳೆಯ ಸ್ಟುಡಿಯೋ ಕಾಲದ ಪ್ರತಿಗಳಾದರೆ ಸೈಕ್ಲೋಸ್ಟೈಲ್ ಮಾಡಿದವು, ಅಂದರೆ ಸ್ಟೆನ್ಸಿಲ್ ಹಾಳೆಯ ಮೂಲಕ ಶಾಯಿ ಒತ್ತಿ ತೆಗೆದವು. ಆ ಕಾಲದ್ದೆಂದು ಹೇಳಿ ಝೆರಾಕ್ಸ್ ಪ್ರತಿಯನ್ನು ಮಾರುತ್ತಿದ್ದರೆ ಅನುಮಾನಿಸಲೇಬೇಕು.

ಸಹಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಭಿಮಾನಿಗಳಿಗೆ ಕಳಿಸುವ ಭಾವಚಿತ್ರಗಳ ಮೇಲೆ ತಾರೆಯರ ಪರವಾಗಿ ಕಾರ್ಯದರ್ಶಿಗಳೇ ಸಹಿ ಹಾಕುತ್ತಿದ್ದುದು ಹಾಲಿವುಡ್‌ನಲ್ಲಿ ಸಾಮಾನ್ಯ ಸಂಗತಿ. ಕರಾರುಪತ್ರಕ್ಕೆ ಕಾನೂನಿನ ಬಂಧವಿರುವುದರಿಂದ, ಅದರ ಮೇಲಿನ ಸಹಿಯನ್ನು ಇತರ ಸಹಿಗಳೊಡನೆ ಹೋಲಿಸಿ ನೋಡಲು ಹೆಚ್ಚು ನಂಬಿಕೆಯ ಆಧಾರವಾಗಿ ಬಳಸುತ್ತಾರೆ. ಆದರೂ ರಕ್ಷಾಪುಟದ ಮೇಲಿನ ತಾರೆಯ ಸಹಿಗಿಂತ, ಹೆಸರೇ ಕಾಣದ ಸೂಪರ್‌ವೈಸರ್ ಒಬ್ಬರ ಪೆನ್ಸಿಲ್ ಗೆರೆಗಳೇ ಹೆಚ್ಚು ಬೆಲೆಯುಳ್ಳವು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ತೆರೆಗೆ ಬಾರದೆ ಹೋದ ಟೇಕುಗಳ ಗುರುತು ಉಳಿಯುವುದು ಅಲ್ಲಿಯೇ.

ನಟರು ತಮಗಾಗಿ ಗುರುತು ಹಾಕಿಕೊಂಡ ಪ್ರತಿಯನ್ನು ಲೈನ್ಡ್ ಸ್ಕ್ರಿಪ್ಟ್ ಎನ್ನುವುದಿಲ್ಲ. ಅದು ಟಿಪ್ಪಣಿ ಪ್ರತಿ. ಹಾಲಿವುಡ್ ನಟ ರಾಬರ್ಟ್ ಡಿ ನಿರೋ ತಮ್ಮ ಅಂಥ ಪ್ರತಿಗಳನ್ನು ಇತರ ಕಾಗದಪತ್ರಗಳೊಡನೆ 2006ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ಹ್ಯಾರಿ ರಾನ್ಸಮ್ ಸೆಂಟರ್ ಎಂಬ ಸಂಗ್ರಹಾಲಯಕ್ಕೆ ಕೊಟ್ಟರು. ಅವುಗಳಲ್ಲಿ ಪಾತ್ರದ ಮನಸ್ಸನ್ನು ಹುಡುಕುತ್ತಾ ಅವರು ಅಂಚಿನಲ್ಲಿ ಬರೆದುಕೊಂಡ ಮಾತುಗಳಿವೆ. ಇಂಥ ಪ್ರತಿಯನ್ನು ಹಣ ಕೊಟ್ಟು ಕೊಂಡವರಿಗೆ ಸಿಗುವುದು ಕಾಗದದ ಒಡೆತನ ಮಾತ್ರ. ಅದರಲ್ಲಿರುವ ಬರಹವನ್ನು ಅಚ್ಚು ಹಾಕಿಸುವ ಹಕ್ಕು ಕೃತಿಸ್ವಾಮ್ಯ ಉಳ್ಳವರಲ್ಲೇ ಉಳಿಯುತ್ತದೆ.