ಮರ್ರಾಕೆಶ್ ಬೀದಿಯಲ್ಲಿ ಪಾಪಾಸುಕಳ್ಳಿ ಹಣ್ಣು

ಮೊರಾಕ್ಕೊ ದೇಶದ ಮರ್ರಾಕೆಶ್ ಊರಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಬಿಸಿಲು ಮಾಮೂಲು. ಹಳೇ ಊರಿನ ಕೆಂಪು ಗೋಡೆಯ ನೆರಳಲ್ಲಿ ತಳ್ಳುಗಾಡಿ ನಿಂತಿರುತ್ತದೆ. ಅದರ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ, ಮೊಟ್ಟೆಯಷ್ಟು ದಪ್ಪದ ಹಣ್ಣುಗಳ ರಾಶಿ. ವ್ಯಾಪಾರಿ ಗ್ಲೌಸ್ ಹಾಕಿದ ಕೈಯಲ್ಲಿ ಒಂದನ್ನು ಹಿಡಿದು ಎರಡೂ ತುದಿ ಕತ್ತರಿಸುತ್ತಾನೆ. ಉದ್ದಕ್ಕೆ ಒಂದು ಗೀರು ಎಳೆದು ದಪ್ಪ ಸಿಪ್ಪೆಯನ್ನು ಅತ್ತ ಇತ್ತ ಬಿಡಿಸುತ್ತಾನೆ. ತಿರುಳನ್ನು ಮಾತ್ರ ಅವನು ಮುಟ್ಟುವುದಿಲ್ಲ. ಅದನ್ನು ನೀವೇ ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಳ್ಳಬೇಕು. ಬೀದಿ ತಿಂಡಿಯಲ್ಲಿ ಇದಕ್ಕಿಂತ ಚೊಕ್ಕಟವಾದದ್ದು ಕಡಿಮೆ. ಅವನ ಚಾಕು, ಬಕೆಟ್‌ನ ನೀರು ಹೇಗಿದೆ ಅಂತ ಒಮ್ಮೆ ನೋಡಿಕೊಂಡರೆ ಸಾಕು.

ಇದು ನಮ್ಮೂರ ಬೇಲಿಯ ಪಾಪಾಸುಕಳ್ಳಿಯ ಹತ್ತಿರದ ನೆಂಟ. ಪಾಪಾಸು ಅಂದರೆ ಚಪ್ಪಲಿ. ಚಪ್ಪಲಿಯ ಅಟ್ಟೆಯಂಥ ಹಾಳೆಗಳಿರುವ ಕಳ್ಳಿ ಅಂತ ಹೆಸರು. ವಿಷಯ ಗೊತ್ತಾದ ಕೂಡಲೇ ನಮ್ಮ ಜನ ಹಿಂದೆ ಸರಿಯುತ್ತಾರೆ. "ಅಯ್ಯೋ, ಕಳ್ಳಿ ವಿಷ ಅಲ್ವಾ?"

ಅಲ್ಲ. ಈ ಗೊಂದಲವನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲುತ್ತಿಲ್ಲ. ಕನ್ನಡದಲ್ಲಿ 'ಕಳ್ಳಿ' ಅನ್ನುವ ಒಂದೇ ಹೆಸರಿನಡಿ ಸಂಬಂಧವೇ ಇಲ್ಲದ ಎರಡು ಕುಟುಂಬಗಳಿವೆ. ಕೊಯ್ದರೆ ಬಿಳಿ ಹಾಲು ಸುರಿಯುವುದು ಯೂಫೋರ್ಬಿಯಾ. ಆ ಹಾಲು ಕಣ್ಣಿಗೆ ಬಿದ್ದರೆ ನಿಜಕ್ಕೂ ಅಪಾಯ. ಪಾಪಾಸುಕಳ್ಳಿ ಕ್ಯಾಕ್ಟಸ್, ಅದರಲ್ಲಿ ಹಾಲಿಲ್ಲ, ಲೋಳೆ ಮಾತ್ರ. ಒಣ ನೆಲದಲ್ಲಿ ಬದುಕಬೇಕಾಗಿ ಬಂದದ್ದರಿಂದ ಎರಡೂ ಒಂದೇ ಥರದ ಮೈ ಬೆಳೆಸಿಕೊಂಡವು, ಅಷ್ಟೇ. ಅಂಗಡಿಯಲ್ಲಿ ದುಬಾರಿ ಬೆಲೆ ಕೊಟ್ಟು ತರುವ ಡ್ರ್ಯಾಗನ್ ಫ್ರೂಟ್ ಕೂಡ ಕ್ಯಾಕ್ಟಸ್ ಹಣ್ಣೇ.

ಯೂಫೋರ್ಬಿಯಾ ಅನ್ನುವ ಹೆಸರು ಹುಟ್ಟಿದ್ದೂ ಇದೇ ಮೊರಾಕ್ಕೊ ಕಡೆಯಲ್ಲಿ. ಸುಮಾರು 2,000 ವರ್ಷಗಳ ಹಿಂದೆ ಈ ಸೀಮೆಯನ್ನು ಎರಡನೇ ಜುಬಾ ಅನ್ನುವ ದೊರೆ ಆಳುತ್ತಿದ್ದ. ಅಟ್ಲಾಸ್ ಬೆಟ್ಟದ ಒಂದು ಹಾಲುಗಳ್ಳಿಗೆ ಅವನು ತನ್ನ ವೈದ್ಯ ಯೂಫೋರ್ಬಸ್‌ನ ಹೆಸರಿಟ್ಟ. ಅದರ ಹಾಲಿನಲ್ಲಿರುವ ರೆಸಿನಿಫೆರಾಟಾಕ್ಸಿನ್ ಮೆಣಸಿನಕಾಯಿಯ ಖಾರದ ಅಂಶಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಉರಿ. ಬೆಟ್ಟದ ಮೇಲೆ ಅದು, ಕೆಳಗಿನ ಬೀದಿಯಲ್ಲಿ ಈ ಸಿಹಿ ಹಣ್ಣು.

ಇಷ್ಟು ಬಿಸಿಲಲ್ಲಿ, ನೀರೇ ಇಲ್ಲದ ನೆಲದಲ್ಲಿ ಇಷ್ಟೊಂದು ರಸ ಎಲ್ಲಿಂದ? ಬೆಂಗಳೂರಲ್ಲಿ ರಾತ್ರಿ ಮಾತ್ರ ನಲ್ಲಿ ನೀರು ಬರುವ ಬಡಾವಣೆಯನ್ನು ನೆನೆಸಿಕೊಳ್ಳಿ. ನಿದ್ದೆಗೆಟ್ಟು ಡ್ರಮ್ಮು, ಬಿಂದಿಗೆ ತುಂಬಿಸಿಟ್ಟು ಹಗಲೆಲ್ಲ ಅದರಲ್ಲೇ ಬದುಕುತ್ತೇವೆ. ಕಳ್ಳಿ ತುಂಬಿಸಿಡುವುದು ಗಾಳಿಯನ್ನು. ಬೇರೆ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದೇ ಬಾಗಿಲಿಂದ ನೀರು ಆವಿಯಾಗಿ ಹೋಗುತ್ತದೆ. ಕಳ್ಳಿ ಹಗಲಿಡೀ ಬಾಗಿಲು ಹಾಕಿಕೊಂಡಿರುತ್ತದೆ. ರಾತ್ರಿ ತಂಪಾದ ಮೇಲೆ ತೆರೆದು, ಬಂದ ಅನಿಲವನ್ನು ಮ್ಯಾಲಿಕ್ ಆಮ್ಲ ಮಾಡಿ ಕೂಡಿಡುತ್ತದೆ. ಸೇಬಿನ ಹುಳಿಯೂ ಇದೇ ಆಮ್ಲ. ಬೆಳಗಾದ ಮೇಲೆ ಆ ಆಮ್ಲದಿಂದ ಅನಿಲವನ್ನು ಬಿಡಿಸಿ, ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡುತ್ತದೆ. ರಾತ್ರಿ ಹಿಟ್ಟು ರುಬ್ಬಿಟ್ಟು ಬೆಳಗ್ಗೆ ದೋಸೆ ಹುಯ್ದ ಹಾಗೆ. ವ್ಯತ್ಯಾಸ ಒಂದೇ: ನಮ್ಮ ಹಿಟ್ಟು ಹೊತ್ತು ಹೋದಷ್ಟೂ ಹುಳಿಯಾಗುತ್ತದೆ, ಕಳ್ಳಿಯ ಹಾಳೆ ಬೆಳಗ್ಗೆ ಹುಳಿ, ಸಂಜೆಗೆ ಸಪ್ಪೆ.

ಈ ಹುಳಿಯ ಗುಟ್ಟು ಮೊದಲು ದಾಖಲಾದದ್ದು ಭಾರತದಲ್ಲೇ. ಟಿಪ್ಪುವಿನ ನಂತರ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಅನ್ನುವ ಸಸ್ಯವಿಜ್ಞಾನಿ ಕಾಡುಬಸಳೆ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನ ರುಚಿಯೇ ಇಲ್ಲ. ಅವನ ಪತ್ರ 1815ರಲ್ಲಿ ಅಚ್ಚಾಯಿತು. ಉಪಕರಣ ಅಂದರೆ ಬರೀ ನಾಲಿಗೆ! ನಿಮ್ಮ ಮನೆ ಕುಂಡದಲ್ಲಿ ಕಾಡುಬಸಳೆ ಇದ್ದರೆ ಚೂರೇ ಚೂರು ಜಜ್ಜಿ ಲಿಟ್ಮಸ್ ಕಾಗದಕ್ಕೆ ಒತ್ತಿ ನೋಡಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ.

ಇನ್ನು ಹಣ್ಣಿನ ಗುಣ. 100 ಗ್ರಾಂನಲ್ಲಿ ಸುಮಾರು 40 ಕ್ಯಾಲೊರಿ, ಮೂರೂವರೆ ಗ್ರಾಂ ನಾರು, 14 ಮಿಲಿಗ್ರಾಂ ವಿಟಮಿನ್ ಸಿ. ಮೆಗ್ನೀಸಿಯಮ್ 85 ಮಿಲಿಗ್ರಾಂ, ಬಾಳೆಹಣ್ಣಿನ ಮೂರು ಪಟ್ಟು. ಬೀಜ ಗಟ್ಟಿ, ಅಗಿಯದೆ ನುಂಗುತ್ತಾರೆ. ಆದರೆ ಒಂದೇ ಸಲಕ್ಕೆ ಜಾಸ್ತಿ ತಿಂದರೆ ಬೀಜ ಹೊಟ್ಟೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು. ಎರಡು ಮೂರು ಸಾಕು. ಕೆಂಪು ಹಣ್ಣು ತಿಂದ ಮೇಲೆ ಮೂತ್ರ ಕೆಂಪಾದರೆ ಹೆದರಬೇಡಿ. ಬೀಟ್‌ರೂಟ್‌ನಲ್ಲಿರುವ ಜಾತಿಯದ್ದೇ ಬಣ್ಣ ಅದು. ಸಿಪ್ಪೆಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿರುತ್ತವೆ. ಹುಡುಗನಾಗಿದ್ದಾಗ ಬೇಲಿಯಿಂದ ಒಂದು ಹಣ್ಣು ಕಿತ್ತು ನೇರ ಬಾಯಿಗಿಟ್ಟವನು ನಾನು. ಎರಡು ದಿನ ನಾಲಿಗೆ ಚುಚ್ಚುತ್ತಲೇ ಇತ್ತು.

ಚಳಿಗಾಲದಲ್ಲಿ ಹೋದರೆ ಈ ಹಣ್ಣು ಸಿಗುವುದಿಲ್ಲ. ಆಗ ಬಿಸ್ಸಾರ ಕುಡಿಯಿರಿ. ಒಣ ಫಾವಾ ಕಾಳು ಬೇಯಿಸಿ ಅರೆದು, ಆಲಿವ್ ಎಣ್ಣೆ, ಜೀರಿಗೆ ಹಾಕಿದ ಗಟ್ಟಿ ಸಾರು. ಉಪ್ಪು, ಜೀರಿಗೆ ಉದುರಿಸಿದ ಬೇಯಿಸಿದ ಕಡಲೆಯೂ ಪೊಟ್ಟಣದಲ್ಲಿ ಸಿಗುತ್ತದೆ. ಎರಡೂ ಒಳ್ಳೆಯವೇ.

ಕಳ್ಳಿಹಣ್ಣಿಗೆ ಅಲ್ಲಿಯ ಅರಬ್ಬಿ ಮಾತಿನಲ್ಲಿ 'ಹಿಂದಿಯಾ' ಅನ್ನುತ್ತಾರೆ. ಹಿಂದ್ ಅಂದರೆ ನಾವೇ, ಆದರೆ ಗಿಡದ ತವರು ಮೆಕ್ಸಿಕೊ. ಕೊಲಂಬಸ್ ಅಮೆರಿಕ ಮುಟ್ಟಿ ಇಂಡಿಯಾ ಅಂದುಕೊಂಡ ತಪ್ಪು ಈ ಹೆಸರಿನಲ್ಲಿ ಇನ್ನೂ ಉಳಿದಿದೆ.

ನಮಗೂ ಅವರಿಗೂ ಇನ್ನೊಂದು ನಂಟಿದೆ, ಅದು ಸಂಕಟದ್ದು. ನಮ್ಮಲ್ಲಿ ಪಾಪಾಸುಕಳ್ಳಿ ಕಳೆಯಾಗಿ ಹೊಲ, ಗೋಮಾಳ ನುಂಗತೊಡಗಿದಾಗ, 1926ರಲ್ಲಿ ಶ್ರೀಲಂಕಾದಿಂದ ಒಂದು ಕಾಚಿನೀಲ್ ಕೀಟವನ್ನು ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಹತ್ತಿಯಂಥ ಬಿಳಿ ಹೊದಿಕೆಯೊಳಗೆ ಕೂತು ಹಾಳೆಯ ರಸ ಹೀರುವ ಹುಳು. ಒತ್ತಿದರೆ ಕಡುಕೆಂಪು. ಅದು ನಮ್ಮ ನೆಲ ಉಳಿಸಿತು. ಅದೇ ಜಾತಿಯ ಕೀಟ 2014ರಲ್ಲಿ ಮೊರಾಕ್ಕೊದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಈ ಗಿಡ ಕಳೆಯಲ್ಲ. ಬೇಲಿ, ಮೇವು, ಬೇಸಿಗೆಯ ಸಂಪಾದನೆ ಎಲ್ಲವೂ ಅದೇ. ಊರೂರುಗಳ ಕಳ್ಳಿ ತೋಟಗಳು ಒಣಗಿದವು. ಬಡವರ ಹಣ್ಣು ಅಂತಿದ್ದದ್ದು ತುಟ್ಟಿಯಾಯಿತು. ಈಗ ಅಲ್ಲಿಯ ಕೃಷಿ ವಿಜ್ಞಾನಿಗಳು ಕೀಟ ತಡೆಯುವ ತಳಿಗಳನ್ನು ಆರಿಸಿ ರೈತರಿಗೆ ಕೊಡುತ್ತಿದ್ದಾರೆ. ಒಂದು ಹಾಳೆ ಮುರಿದು ನೆಟ್ಟರೆ ಸಾಕು, ಬೇರು ಬಿಡುತ್ತದೆ. ಹಣ್ಣಿಗೆ ಮಾತ್ರ ಎರಡು ಮೂರು ವರ್ಷ ಕಾಯಬೇಕು.