ಗೊದಮೊಟ್ಟೆಗೂ ಒಂದು ಕಲ್ಲು ಬೇಕು

ಪೋಕೆಮಾನ್ ವಿಡಿಯೋ ಆಟದಲ್ಲಿ ಪೋಲಿವರ್ಲ್ ಎಂಬ ಪೋಕೆಮಾನ್‌ನ, ಅಂದರೆ ಕಲ್ಪನೆಯ ಪ್ರಾಣಿಯ, ಹೊಟ್ಟೆಯ ಮೇಲೆ ಒಂದು ಕಪ್ಪು ಸುರುಳಿ ಇದೆ. ಅದು ಚೆಂದಕ್ಕೆಂದು ಸುಮ್ನೆ ಬಿಡಿಸಿದ್ದಲ್ಲ. ಗೊದಮೊಟ್ಟೆಯನ್ನು ಗಾಜಿನ ಲೋಟದಲ್ಲಿ ಬಿಟ್ಟು ಕೆಳಗಿನಿಂದ ನೋಡಿದವರಿಗೆ ಆ ಸುರುಳಿಯ ಗುರುತು ಹತ್ತುತ್ತದೆ. ತೆಳ್ಳನೆಯ ಚರ್ಮದೊಳಗೆ ಅದರ ಉದ್ದನೆಯ ಕರುಳು ಸುತ್ತಿಕೊಂಡು ಮಲಗಿರುತ್ತದೆ. ಪೋಕೆಮಾನ್ ಆಟವನ್ನು ಹುಟ್ಟುಹಾಕಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ತರುತ್ತಿದ್ದ ಹುಡುಗ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟದಲ್ಲೇ ಆ ಕಣ್ಣು ಕಾಣುತ್ತದೆ.

ಆ ಪೋಲಿವರ್ಲ್‌ಗೆ ನೀರಿನ ಕಲ್ಲು ಕೊಟ್ಟರೆ ಅದು ಪೋಲಿವ್ರಾತ್ ಎಂಬ ದಾಂಡಿಗ ಕಪ್ಪೆಯಾಗುತ್ತದೆ. ಮೊದಲ ಆಟದಲ್ಲಿ ಇಂಥ ಐದು ಕಲ್ಲುಗಳಿದ್ದವು: ಬೆಂಕಿ, ನೀರು, ಸಿಡಿಲು, ಎಲೆ, ಚಂದ್ರ. ಸೂರ್ಯನ ಕಲ್ಲು, ಹಿಮದ ಕಲ್ಲು ಮುಂತಾದವು ಆಮೇಲೆ ಸೇರಿಕೊಂಡವು.

ಆಟ ಇದನ್ನು ವಿಕಾಸ ಎಂದು ಕರೆಯುತ್ತದೆ. ಈ ಹೆಸರು ತಪ್ಪು, ಮಕ್ಕಳಿಗೆ ಅದನ್ನು ಹೇಳಬೇಕು ಎಂದೇ ನನ್ನ ಅನಿಸಿಕೆ. ಒಂಟಿ ಪ್ರಾಣಿ ಯಾವತ್ತೂ ವಿಕಾಸ ಹೊಂದುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಇಡೀ ಗುಂಪು ನಿಧಾನವಾಗಿ ಬದಲಾಗುವುದು ವಿಕಾಸ. ಒಂದೇ ಜೀವ ತನ್ನ ಆಯಸ್ಸಿನೊಳಗೆ ಮೈ ಬದಲಿಸಿದರೆ ಅದು ರೂಪಾಂತರ. ಕಂಬಳಿಹುಳ ಚಿಟ್ಟೆಯಾಗುವುದು, ಗೊದಮೊಟ್ಟೆ ಕಪ್ಪೆಯಾಗುವುದು ಎಲ್ಲ ಇದೇ. ಹೆಸರನ್ನು ಸರಿ ಮಾಡಿಕೊಂಡು ನೋಡಿದರೆ ಕಲ್ಲಿನ ಕಲ್ಪನೆ ಅಷ್ಟೇನೂ ದೂರದ್ದಲ್ಲ.

ಯಾಕೆಂದರೆ ಗೊದಮೊಟ್ಟೆಗೂ ಒಂದು ಕಲ್ಲು ಬೇಕು. ಅದರ ಹೆಸರು ಅಯೋಡಿನ್.

1811ರಲ್ಲಿ ಬರ್ನಾರ್ಡ್ ಕೂರ್ಟ್ವಾ ಎಂಬ ಫ್ರೆಂಚ್ ರಸಾಯನ ತಜ್ಞ ಕಡಲಕಳೆಯ ಬೂದಿಯಲ್ಲಿ ಇದನ್ನು ಕಂಡ. ನೇರಳೆ ಬಣ್ಣದ ಹಬೆ, ತಣಿದರೆ ಮಿರುಗುವ ಕಪ್ಪು ಹರಳು. ನೋಡಲಿಕ್ಕೂ ಮಾಯದ ಕಲ್ಲಿನ ಹಾಗೇ ಇದೆ, ಅಲ್ವಾ? ಪ್ರಾಣಿಗಳ ಕುತ್ತಿಗೆಯ ಹತ್ತಿರ ಇರುವ ಥೈರಾಯ್ಡ್ ಗ್ರಂಥಿ ಈ ಅಯೋಡಿನ್ ಅನ್ನು ಹೀರಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನು ಮಾಡುತ್ತದೆ. ಒಂದು ಥೈರಾಕ್ಸಿನ್ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ.

1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಬೇರೆ ಬೇರೆ ಅಂಗಗಳ ಚೂರುಗಳನ್ನು ತಿನ್ನಿಸಿ ನೋಡಿದ. ಥೈರಾಯ್ಡ್ ತಿಂದವು ಮಾತ್ರ ಸರಸರನೆ ಕಪ್ಪೆಗಳಾದವು. ಆದರೆ ಹೊತ್ತಿಗೆ ಮುಂಚೆ ಆದ ಕಪ್ಪೆಗಳವು, ತೀರಾ ಪುಟ್ಟವು. ಬೆಳೆದು ದೊಡ್ಡದಾಗಬೇಕಿದ್ದ ದಿನಗಳನ್ನು ಅವು ಕಳೆದುಕೊಂಡಿದ್ದವು. ನಾಲ್ಕು ವರ್ಷದ ನಂತರ, 1916ರಲ್ಲಿ, ಬೆನೆಟ್ ಆಲೆನ್ ಇದಕ್ಕೆ ತಿರುವುಮುರುವು ಮಾಡಿದ. ಮರಿ ಗೊದಮೊಟ್ಟೆಗಳ ಥೈರಾಯ್ಡ್ ತೆಗೆದುಬಿಟ್ಟ. ಅವು ದೊಡ್ಡದಾಗುತ್ತಲೇ ಹೋದವು, ಕಪ್ಪೆ ಮಾತ್ರ ಆಗಲೇ ಇಲ್ಲ. ಆಟದಲ್ಲಿ ಎವರ್‌ಸ್ಟೋನ್ ಅಂತ ಒಂದು ಕಲ್ಲಿದೆ. ಅದನ್ನು ಹಿಡಿದುಕೊಂಡ ಪೋಕೆಮಾನ್ ಇದ್ದ ಹಾಗೇ ಇರುತ್ತದೆ. ಆಲೆನ್ ಕೈಯಲ್ಲಿದ್ದದ್ದು ಅದೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಇನ್ನೊಂದು ಸಂಗತಿ. ಗೊದಮೊಟ್ಟೆಯ ಮೈಯಲ್ಲೆಲ್ಲ ಹರಿಯುವುದು ಒಂದೇ ಹಾರ್ಮೋನು. ಬಾಲಕ್ಕೆ ಅದು ತಲುಪಿದರೆ ಬಾಲದ ಜೀವಕೋಶಗಳು ಸಾಯುತ್ತವೆ. ಕಾಲಿಗೆ ತಲುಪಿದರೆ ಕಾಲು ಬೆಳೆಯುತ್ತದೆ. ಕಿವಿರು ಕರಗುತ್ತದೆ. ಪಾಚಿ ತಿನ್ನಲು ಬೇಕಿದ್ದ ಉದ್ದನೆಯ ಕರುಳು, ಹುಳ ಹಿಡಿದು ತಿನ್ನುವ ಬಾಳಿಗೆ ತಕ್ಕಂತೆ ಗಿಡ್ಡವಾಗುತ್ತದೆ. ಪೋಲಿವ್ರಾತ್ ಹೊಟ್ಟೆಯ ಮೇಲೆ ಆ ಸುರುಳಿ ಹಾಗೇ ಉಳಿದಿದೆ, ನಿಜವಾದ ಕಪ್ಪೆಯಲ್ಲಿ ಉಳಿಯುವುದಿಲ್ಲ. ಸಾಯಿ ಎಂದೋ ಬೆಳೆ ಎಂದೋ ಹಾರ್ಮೋನಿನ ಮೇಲೆ ಬರೆದಿಲ್ಲ. ಅದು ಬರೀ ಕರೆ. ಏನು ಮಾಡಬೇಕೆಂಬುದು ಆಯಾ ಜೀವಕೋಶಕ್ಕೆ ಮೊದಲೇ ಗೊತ್ತಿರುತ್ತದೆ.

ಆಟ ಮಾಡಿದವರಿಗೂ ಇದು ಹೇಗೋ ಹೊಳೆದಿದೆ. ಪೋಲಿವರ್ಲ್‌ಗೆ ಬೆಂಕಿಯ ಕಲ್ಲು ಕೊಟ್ಟರೆ ಏನೂ ಆಗುವುದಿಲ್ಲ. ಈವೀ ಎಂಬ ಪೋಕೆಮಾನ್‌ಗೆ ಅದೇ ಕಲ್ಲು ಕೊಟ್ಟರೆ ಫ್ಲೇರಿಯಾನ್ ಆಗುತ್ತದೆ. ನೀರಿನ ಕಲ್ಲು ಕೊಟ್ಟರೆ ವೇಪೋರಿಯಾನ್, ಸಿಡಿಲ ಕಲ್ಲಿಗೆ ಜೋಲ್ಟಿಯಾನ್. ಒಟ್ಟು ಎಂಟು ದಾರಿಗಳು ಈವೀಗೆ ತೆರೆದಿವೆ, ಎಲ್ಲದಕ್ಕೂ ಕಲ್ಲೇ ಬೇಕೆಂದೇನಿಲ್ಲ. ಜೇನುಗೂಡಿನಲ್ಲಿ ಇದರ ಪುಟ್ಟ ರೂಪ ನಡೆಯುತ್ತಲೇ ಇರುತ್ತದೆ. ರಾಣಿ ಜೇನು, ಕೆಲಸದ ಜೇನು ಎರಡೂ ಒಂದೇ ಬಗೆಯ ಮೊಟ್ಟೆಯಿಂದ ಬಂದವು. ಮರಿಯಾಗಿದ್ದಾಗ ಸಿಕ್ಕ ಆಹಾರ ಬೇರೆ, ಅಷ್ಟೇ. ರಾಣಿ ವರ್ಷಗಟ್ಟಲೆ ಬದುಕಿ ಮೊಟ್ಟೆ ಇಡುತ್ತದೆ, ಕೆಲಸದ ಜೇನು ಬೇಸಿಗೆಯಲ್ಲಿ ಕೆಲವೇ ವಾರ ದುಡಿದು ಸಾಯುತ್ತದೆ.

ಇನ್ನು ಪಿಕಾಚು. ಪೋಕೆಮಾನ್ ಕಾರ್ಟೂನಿನಲ್ಲಿ ಆ್ಯಶ್ ಎಂಬ ಹುಡುಗನ ಪಿಕಾಚು ಒಮ್ಮೆ ರಾಯ್ಚು ಎಂಬ ಪೋಕೆಮಾನ್ ಕೈಯಲ್ಲಿ ಸೋಲುತ್ತದೆ. ಸಿಡಿಲ ಕಲ್ಲು ಮುಟ್ಟಿದರೆ ತಾನೂ ರಾಯ್ಚು ಆಗಬಹುದು. ಅದು ಬೇಡ ಎನ್ನುತ್ತದೆ. ಮರುಪಂದ್ಯದಲ್ಲಿ ತನ್ನ ಚುರುಕಿನಿಂದಲೇ ಗೆಲ್ಲುತ್ತದೆ, ಯಾಕೆಂದರೆ ಎದುರಾಳಿ ಬೇಗನೇ ರಾಯ್ಚು ಆಗಿಬಿಟ್ಟು ಆ ಚುರುಕನ್ನು ಕಲಿತೇ ಇರಲಿಲ್ಲ. ಮೊದಲ ಸಲ ನೋಡಿದಾಗ ಇದು ನನಗೆ ಬರೀ ಹಟದಂತೆ ಕಂಡಿತ್ತು. ಆಕ್ಸೊಲಾಟಲ್ ಬಗ್ಗೆ ಓದಿದ ಮೇಲೆ ಹಾಗೆ ಅನಿಸುವುದಿಲ್ಲ.

ಆಕ್ಸೊಲಾಟಲ್ ಮೆಕ್ಸಿಕೊದ ಸಾಲಮ್ಯಾಂಡರ್, ಹಲ್ಲಿಯಂಥ ಮೈಯ, ಕಪ್ಪೆಯ ಬಳಗದ ಜೀವಿ. ಅದರ ಹತ್ತಿರದ ನೆಂಟರಲ್ಲಿ ಹಲವರು ಮರಿಯಾಗಿ ನೀರಿನಲ್ಲಿದ್ದು, ಬೆಳೆದ ಮೇಲೆ ನೆಲಕ್ಕೆ ಹತ್ತುತ್ತಾರೆ. ಇದು ಹತ್ತುವುದಿಲ್ಲ. ತಲೆಯ ಎರಡೂ ಕಡೆ ಗರಿಯಂಥ ಕಿವಿರು ಇಟ್ಟುಕೊಂಡು, ಮರಿಯ ಮೈಯಲ್ಲೇ ಪ್ರಾಯಕ್ಕೆ ಬಂದು, ಮರಿ ಮಾಡುತ್ತದೆ. 1864ರಲ್ಲಿ ಕೆಲವು ಆಕ್ಸೊಲಾಟಲ್‌ಗಳು ಪ್ಯಾರಿಸ್‌ಗೆ ಬಂದವು. ಅವುಗಳನ್ನು ಸಾಕಿದ ಒಗುಸ್ತ್ ದ್ಯುಮೆರಿಲ್ ಮರುವರ್ಷ ತೊಟ್ಟಿಯಲ್ಲಿ ನೋಡಿದರೆ, ಅವುಗಳ ಮರಿಗಳಲ್ಲಿ ಕೆಲವಕ್ಕೆ ಕಿವಿರೇ ಇಲ್ಲ. ಅವು ನೆಲದ ಸಾಲಮ್ಯಾಂಡರ್‌ಗಳಾಗಿದ್ದವು. ಕಾರಣ ಗೊತ್ತಾಗಲು ಅರ್ಧ ಶತಮಾನ ಹಿಡಿಯಿತು. ಆಕ್ಸೊಲಾಟಲ್‌ಗೆ ಥೈರಾಯ್ಡ್ ಇದೆ, ಆದರೆ ರೂಪಾಂತರಕ್ಕೆ ಬೇಕಾದಷ್ಟು ಹಾರ್ಮೋನು ಹೊರಗೆ ಬರುವುದಿಲ್ಲ. ಹೊರಗಿನಿಂದ ಕೊಟ್ಟರೆ ಮೈ ಓಗೊಡುತ್ತದೆ. ಎಷ್ಟೋ ತಲೆಮಾರು ಯಾರೂ ಕರೆಯದಿದ್ದರೂ ಉತ್ತರವನ್ನು ಅದು ಮರೆತಿಲ್ಲ.

ಹಾಗೆ ಬದಲಾಗಿದ್ದಕ್ಕೆ ಬೆಲೆಯೂ ಇದೆ. ಆಕ್ಸೊಲಾಟಲ್ ಕಾಲು ತುಂಡಾದರೆ ಹೊಸ ಕಾಲು ಬೆಳೆಸಿಕೊಳ್ಳುತ್ತದೆ, ಮೂಳೆ, ಸ್ನಾಯು, ನರ ಎಲ್ಲ ಸೇರಿ. ನೆಲಕ್ಕೆ ಹತ್ತಿದ ಆಕ್ಸೊಲಾಟಲ್‌ನಲ್ಲಿ ಆ ಕೆಲಸ ನಿಧಾನವಾಗುತ್ತದೆ. ಬೆಳೆದ ಕಾಲಿನಲ್ಲಿ ಬೆರಳು, ಮೂಳೆ ಸರಿಯಾಗಿ ಕೂಡಿರುವುದೂ ಇಲ್ಲ.

ಮೆಕ್ಸಿಕೊ ನಗರದ ಅಂಚಿನ ಶೋಚಿಮಿಲ್ಕೊ ಕಾಲುವೆಗಳಲ್ಲಿ ಕಾಡಿನ ಆಕ್ಸೊಲಾಟಲ್‌ಗಳು ಈಗ ಕೆಲವೇ ಉಳಿದಿವೆ. ಹೊಲಸಾದ ನೀರು, ಹೊರಗಿನಿಂದ ತಂದು ಬಿಟ್ಟ ಮೀನು ಎರಡೂ ಸೇರಿ ಅವುಗಳನ್ನು ಮುಗಿಸುತ್ತಾ ಬಂದಿವೆ. ಉಳಿದವು ಇವತ್ತಿಗೂ ನೆಲಕ್ಕೆ ಹತ್ತಿಲ್ಲ. ಕಿವಿರು ಬೀಸುತ್ತಾ, ಮರಿಯ ಮೈಯಲ್ಲೇ, ನೀರಿನ ಗಿಡಗಳಿಗೆ ಮೊಟ್ಟೆ ಅಂಟಿಸುತ್ತಿವೆ.